21ರ ವಯಸ್ಸಿಗೆ ಈಗಿನ ಬುದ್ಧಿ: ಮೊದಲ ಕೆಲಸಕ್ಕೆ ಹೊರಟ ಡಿಪ್ಲೊಮಾ ಹುಡುಗನಿಗೆ ಏನು ಹೇಳುತ್ತೀರಿ?

ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗನಿಗೆ ಈಗ 21. ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದಾನೆ. ಪೀಣ್ಯದಲ್ಲಿ ಸಿಎನ್‌ಸಿ (ಕಂಪ್ಯೂಟರ್ ಪ್ರೋಗ್ರಾಮಿನಿಂದ ಓಡುವ) ಮಷೀನುಗಳಲ್ಲಿ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯಿಂದ ಆಫರ್ ಲೆಟರ್ ಬಂದಿದೆ. ವರ್ಷಕ್ಕೆ 4.2 ಲಕ್ಷ ಸಿಟಿಸಿ (ಕಂಪನಿಗೆ ತಗಲುವ ಒಟ್ಟು ಖರ್ಚು), ಎರಡು ವರ್ಷದ ಬಾಂಡು, ನಡುವೆ ಬಿಟ್ಟರೆ 1 ಲಕ್ಷ ಕಟ್ಟಬೇಕು. ಭಾವನವರಿಗೆ 54 ವಯಸ್ಸು, ಬೇಸಾಯ, ಸ್ವಲ್ಪ ಬಿಪಿ ಇದೆ. ಮನೆಯಲ್ಲಿ ಅರ್ಧ ಜನ "ಕೆಲಸಕ್ಕೆ ಸೇರಲಿ" ಅನ್ನುತ್ತಾರೆ, ಇನ್ನರ್ಧ ಜನ "ಬಿಇ ಮಾಡದಿದ್ದರೆ ಜೀವನಪೂರ್ತಿ ಸೂಪರ್‌ವೈಸರ್ ಆಗಿಯೇ ಉಳಿಯುತ್ತಾನೆ" ಅನ್ನುತ್ತಾರೆ.

ಈ ಸಾಲಿನಲ್ಲಿ ಪಳಗಿದವರು ಇಲ್ಲಿ ತುಂಬ ಜನ ಇದ್ದೀರಿ. ಇಪ್ಪತ್ತೊಂದರ ನಿಮ್ಮನ್ನೇ ಎದುರಿಗೆ ಕೂರಿಸಿಕೊಂಡರೆ ಏನು ಹೇಳುತ್ತೀರೋ ಅದನ್ನೇ ಇವನಿಗೆ ಹೇಳಿ. "ಕಷ್ಟಪಟ್ಟು ದುಡಿ, ದುಂದುವೆಚ್ಚ ಮಾಡಬೇಡ" ಅಂತ ಹೇಳಲು ಮನೆಯಲ್ಲೇ ಹತ್ತು ಜನ ಇದ್ದಾರೆ. ನನಗೆ ಬೇಕಾಗಿರುವುದು ಲೆಕ್ಕ, ಕಾಗದ, ಕೆಲಸದ ಒಳಮರ್ಮ. ಯಾವುದು ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದು.

---

ಸಂಬಳದ_ಚೀಟಿ

ಪೇರೋಲ್ ಕಡೆಯ ವಿಷಯ ನಾನು ಹೇಳುತ್ತೇನೆ. ಮೊದಲು 4.2 ಲಕ್ಷವನ್ನು ಬಿಡಿಸೋಣ, ಏಕೆಂದರೆ ಮನೆಯವರೆಲ್ಲ ಇಷ್ಟರಲ್ಲಿ ತಿಂಗಳಿಗೆ 35,000 ಅಂತ ಲೆಕ್ಕ ಹಾಕಿಯಾಗಿರುತ್ತದೆ.

ಸಾಮಾನ್ಯವಾಗಿ ಒಡೆಯುವುದು ಹೀಗೆ. ಮೂಲವೇತನ ಅರ್ಧ, ಅಂದರೆ 17,500. ಆ 35,000ದಲ್ಲಿ ಕಂಪನಿ ಕಟ್ಟುವ ಪಿಎಫ್ 12% (2,100), ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಗೆ ಕೊಡುವ ಹಣ) ಅಂತ ತೋರಿಸುವ 4.81% (842), ಗುಂಪು ವಿಮೆಯ ಕಂತು ಸುಮಾರು 500, ವೇರಿಯಬಲ್ (ಕೆಲಸ ನೋಡಿ ಕೊಡುವ ಭಾಗ) 10% ಅಂದರೆ 3,500, ಇಷ್ಟೂ ಸೇರಿಕೊಂಡಿರುತ್ತವೆ. ಇವನ್ನು ಕಳೆದರೆ ಸಂಬಳದ ಚೀಟಿಯಲ್ಲಿ ಗ್ರಾಸ್ 28,058. ಅದರಿಂದ ಹುಡುಗನ ಪಾಲಿನ ಪಿಎಫ್ 2,100, ವೃತ್ತಿ ತೆರಿಗೆ 200 ಹೋದರೆ ಕೈಗೆ 25,758. ಆದಾಯ ತೆರಿಗೆ ಈ ಸಂಬಳಕ್ಕೆ ಬರುವುದಿಲ್ಲ. ವೃತ್ತಿ ತೆರಿಗೆ ಕರ್ನಾಟಕದಲ್ಲಿ 25,000 ಮತ್ತು ಅದಕ್ಕಿಂತ ಹೆಚ್ಚಿನ ತಿಂಗಳ ಸಂಬಳಕ್ಕೆ. ಫೆಬ್ರವರಿಯಲ್ಲಿ ಮಾತ್ರ 200ರ ಬದಲು 300 ಕಡಿತವಾಗುತ್ತದೆ, 2025ರಿಂದ ಬಂದ ಬದಲಾವಣೆ ಅದು. ಆ ತಿಂಗಳು ಎಚ್‌ಆರ್ ಜೊತೆ ಜಗಳ ಬೇಡ.

ಸೇರುವ ಮೊದಲು ಒಂದೇ ಮೇಲ್‌ನಲ್ಲಿ ಕೇಳಬೇಕಾದ್ದು: ವೇರಿಯಬಲ್ ತಿಂಗಳಿಗೋ ವರ್ಷಕ್ಕೋ, ವರ್ಷದ ನಡುವೆ ಬಿಟ್ಟರೆ ಸಿಗುತ್ತದೆಯೇ, ಪಿಎಫ್ ಪೂರ್ತಿ ಮೂಲವೇತನದ ಮೇಲೋ ಅಥವಾ 15,000ದ ಮಿತಿಯ ಮೇಲೆ 1,800 ಮಾತ್ರವೋ, ಪ್ರೊಬೇಷನ್ ಎಷ್ಟು ತಿಂಗಳು, ಆಗಿನ ನೋಟಿಸ್ ಎಷ್ಟು ದಿನ, ಕಾಯಂ ಆದಮೇಲೆ ಎಷ್ಟು ದಿನ. ಫೋನಿನಲ್ಲಿ ಕೇಳಿದ ಉತ್ತರಕ್ಕೆ ಬೆಲೆ ಇಲ್ಲ.

ಈಗ ಪಿಎಫ್. ಮೊದಲ ಸಲ ಪಿಎಫ್ ಸದಸ್ಯನಾಗುವವನ ಮೂಲವೇತನ 15,000 ದಾಟಿದ್ದರೆ ಅವನು ಪಿಂಚಣಿ ಯೋಜನೆಗೆ (ಇಪಿಎಸ್) ಬರುವುದಿಲ್ಲ. 2014ರ ಸೆಪ್ಟೆಂಬರ್ 1ರಿಂದ ಇರುವ ನಿಯಮ ಇದು. ಕಂಪನಿಯ 12% ಪೂರ್ತಿ ಅವನ ಪಿಎಫ್ ಖಾತೆಗೇ ಹೋಗಬೇಕು. ಆದರೆ ಪೇರೋಲ್ ಮಾಡುವವರು ಹಳೆಯ ಟೆಂಪ್ಲೇಟಿನಲ್ಲಿ ಎಲ್ಲರಿಗೂ 1,250 ರೂಪಾಯಿ ಪಿಂಚಣಿಗೆ ಹಾಕಿಬಿಡುತ್ತಾರೆ. ಐದಾರು ವರ್ಷ ಆದಮೇಲೆ ಹಣ ವರ್ಗಾಯಿಸಲು ಹೋದಾಗ ಕ್ಲೇಮು ವಾಪಸ್ ಬರುತ್ತದೆ, ಅಷ್ಟರಲ್ಲಿ ಹಳೆಯ ಕಂಪನಿಯಲ್ಲಿ ಗುರುತಿನವರು ಒಬ್ಬರೂ ಇರುವುದಿಲ್ಲ. ಆದ್ದರಿಂದ ಎರಡನೇ ತಿಂಗಳಲ್ಲೇ ಪಾಸ್‌ಬುಕ್ ತೆಗೆದು ಪಿಂಚಣಿಯ ಕಾಲಂ ನೋಡಲಿ. ಇವನ ಮೂಲವೇತನ 17,500 ಆದರೆ ಅಲ್ಲಿ ಸೊನ್ನೆ ಇರಬೇಕು. ಇ-ನಾಮಿನೇಷನ್ ಕೂಡ ಅದೇ ದಿನ ಮುಗಿಸಲಿ. ಪಿಎಫ್ ಸದಸ್ಯನಿಗೆ ಗರಿಷ್ಠ 7 ಲಕ್ಷದವರೆಗೆ ಜೀವವಿಮೆ ತಾನಾಗಿಯೇ ಇರುತ್ತದೆ. ನಾಮಿನಿ ಇಲ್ಲದಿದ್ದರೆ ಅದಕ್ಕಾಗಿ ಮನೆಯವರು ಕಚೇರಿ ಅಲೆಯಬೇಕಾಗುತ್ತದೆ.

ಕೆಲಸ ಬದಲಿಸಿದಾಗ ಪಿಎಫ್ ಹಣ ತೆಗೆಯುವುದು ಈ ವಯಸ್ಸಿನ ದೊಡ್ಡ ರೋಗ. ಎರಡು ವರ್ಷಕ್ಕೆ ಎರಡೂ ಪಾಲು ಸೇರಿ 1,00,800 ಕಟ್ಟಿರುತ್ತಾನೆ. ಐದು ವರ್ಷದ ಸೇವೆಗೆ ಮೊದಲು ತೆಗೆದರೆ ತೆರಿಗೆಗೆ ಒಳಪಡುತ್ತದೆ. ಮೊತ್ತ 50,000 ದಾಟಿದರೆ, ಪ್ಯಾನ್ ಕೊಟ್ಟಿದ್ದರೂ ತೆರಿಗೆ ಕಟ್ಟುವಷ್ಟು ಆದಾಯವಿದ್ದರೆ 10% ಟಿಡಿಎಸ್. ತೆಗೆದ ಹಣ ಬೈಕಿನ ಡೌನ್‌ಪೇಮೆಂಟ್ ಆಗುತ್ತದೆ. ಅದೇ ಹಣ ವರ್ಗಾಯಿಸಿಕೊಂಡು ಹೋಗಿ 58ರವರೆಗೆ ಮುಟ್ಟದಿದ್ದರೆ, 2024-25ರ 8.25% ಬಡ್ಡಿಯೇ ಮುಂದುವರಿದರೆ ಅದೊಂದೇ ಸುಮಾರು 16 ಲಕ್ಷ.

ಗ್ರಾಚ್ಯುಟಿ ಸಿಟಿಸಿಯಲ್ಲಿ ತೋರಿಸಿದ್ದಾರೆ ಅಂತ ಅದು ಇವನ ಹಣ ಅಂದುಕೊಳ್ಳಬಾರದು. ಕಾಯಂ ನೌಕರನಿಗೆ ಐದು ವರ್ಷ ಆದಮೇಲೆ ಮಾತ್ರ. ಆಫರ್‌ನಲ್ಲಿ ನಿಗದಿತ ಅವಧಿಯ ನೇಮಕ ಅಂತ ಇದ್ದರೆ, 2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ ಒಂದು ವರ್ಷಕ್ಕೇ ಸಿಗಬೇಕು. ಆ ಒಂದು ಪದ ನೋಡಿಕೊಳ್ಳಿ.

ಬಾಂಡಿನ ವಿಷಯ. "ಬಾಂಡಿಗೆಲ್ಲ ಕೋರ್ಟಿನಲ್ಲಿ ಬೆಲೆ ಇಲ್ಲ" ಅನ್ನುವವರ ಮಾತು ಕೇಳಬೇಡಿ. 2025ರ ಮೇ ತಿಂಗಳಲ್ಲಿ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ, ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟು ಎತ್ತಿಹಿಡಿದಿದೆ. ಅಲ್ಲಿ ಅದು ಸರ್ಕಾರಿ ಬ್ಯಾಂಕು, ನೇಮಕಾತಿಯ ಖರ್ಚು ದೊಡ್ಡದು ಎಂಬುದನ್ನು ಕೋರ್ಟು ಪರಿಗಣಿಸಿತು. ಖಾಸಗಿ ಕಾರ್ಖಾನೆಯ ಬಾಂಡಿನಲ್ಲಿ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೇ. ಸಿಗುವುದು ನ್ಯಾಯವಾದ ಪರಿಹಾರ. ಹಾಗಾಗಿ ಬಾಂಡನ್ನು ಹೆದರಿ ಬಿಡಬೇಕಾಗಿಲ್ಲ, ಓದಿ ಸಹಿ ಹಾಕಲಿ. ಕೇಳಬೇಕಾದ ತಿದ್ದುಪಡಿ ಒಂದೇ: ಕಳೆದ ತಿಂಗಳುಗಳ ಲೆಕ್ಕದಲ್ಲಿ ಮೊತ್ತ ಇಳಿಯಬೇಕು. 24ರಲ್ಲಿ 18 ತಿಂಗಳು ದುಡಿದವನು 25,000 ಕಟ್ಟಿದರೆ ಸಾಕು ಎಂಬಂತೆ. ತುಂಬ ಕಂಪನಿಗಳು ಇದಕ್ಕೆ ಒಪ್ಪುತ್ತವೆ, ಕೇಳುವವರೇ ಕಡಿಮೆ.

ಕೊಡಬಾರದ್ದು ಎರಡು. ಮೂಲ ಅಂಕಪಟ್ಟಿ, ಮತ್ತು ಸಹಿ ಹಾಕಿದ ಖಾಲಿ ಚೆಕ್. ಅಂಕಪಟ್ಟಿ ತೋರಿಸಿ, ನಕಲು ಕೊಟ್ಟು, ಮೂಲವನ್ನು ಅಲ್ಲೇ ವಾಪಸ್ ತಗೊಂಡು ಬರಬೇಕು. ಖಾಲಿ ಚೆಕ್ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಕ್ರಿಮಿನಲ್ ಕೇಸು, ಬಾಂಡಿನ ಸಿವಿಲ್ ವ್ಯಾಜ್ಯಕ್ಕೂ ಅದಕ್ಕೂ ಅಜಗಜಾಂತರ.

ಕೊನೆಯದಾಗಿ ಹೆಸರು. ನಮ್ಮ ಕಡೆಯವರಿಗೆ ಇದು ವಿಶೇಷ ಕಾಟ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮಂಜುನಾಥ ಎಚ್.ಆರ್., ಆಧಾರ್‌ನಲ್ಲಿ ಬರೀ ಮಂಜುನಾಥ್, ಪ್ಯಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲವೆಂದು ಊರು, ಅಪ್ಪನ ಹೆಸರು ಬಿಡಿಸಿ ಬರೆದಿದ್ದು. ಬ್ಯಾಂಕಿನಲ್ಲಿ ನಾಲ್ಕನೆಯ ರೂಪ. ಪಿಎಫ್, ಪಾಸ್‌ಪೋರ್ಟ್, ಮುಂದೆ ವೀಸಾ, ಎಲ್ಲ ಕಡೆ ಸಿಕ್ಕಿಕೊಳ್ಳುವುದು ಇಲ್ಲೇ. ಕೆಲಸಕ್ಕೆ ಸೇರುವ ಮೊದಲು ಒಂದು ವಾರ ಇದಕ್ಕೇ ಇಡಿ. ಮೊದಲು ಎಸ್ಸೆಸ್ಸೆಲ್ಸಿ ಪಟ್ಟಿಯ ಕಾಗುಣಿತವನ್ನು ಆಧಾರವಾಗಿ ಇಟ್ಟುಕೊಂಡು ಆಧಾರ್ ಸರಿಪಡಿಸಿ, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್. ಆಧಾರ್‌ನಲ್ಲಿ ಹೆಸರು ಬದಲಿಸಲು ಇರುವುದು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸೈಬರ್ ಸೆಂಟರಿನವನ ಕೈಗೆ ಕೊಟ್ಟು ಟೀ ಕುಡಿಯಲು ಹೋಗಬೇಡಿ, ಪಕ್ಕದಲ್ಲಿ ನಿಂತು ಒಂದೊಂದು ಅಕ್ಷರ ನೋಡಿ.

---

ಮೈಕ್ರಾನ್

ಕಾಗದದ ವಿಷಯ ಮೇಲಿನವರು ಚೊಕ್ಕವಾಗಿ ಹೇಳಿದ್ದಾರೆ. ನಾನು ಶಾಪ್‌ಫ್ಲೋರ್‌ನ ಮಾತು ಹೇಳುತ್ತೇನೆ. ಇಪ್ಪತ್ತೊಂದರವನಿಗೆ ಒಂದೇ ಮಾತು ಹೇಳಲು ಬಿಟ್ಟರೆ ನಾನು ಹೇಳುವುದು: ಮೊದಲ ಎರಡು ವರ್ಷ ಸಂಬಳ ನೋಡಬೇಡ, ಸೆಟ್ಟಿಂಗ್ (ಮಷೀನಿಗೆ ಟೂಲ್, ಕಡಿಯುವ ಬಿಡಿಭಾಗ ಕೂರಿಸಿ ಹೊಂದಿಸುವುದು) ಯಾರು ಮಾಡುತ್ತಾರೆ ನೋಡು, ಅವರ ಪಕ್ಕ ನಿಲ್ಲು.

ಸಿಎನ್‌ಸಿ ಶಾಪಿನಲ್ಲಿ ಮೂರು ಪದರ ಇರುತ್ತದೆ. ಜಾಬ್ (ಬಿಡಿಭಾಗ) ಹಾಕಿ ತೆಗೆದು ಗುಂಡಿ ಒತ್ತುವವನು, ಸೆಟ್ಟಿಂಗ್ ಮಾಡುವವನು, ಪ್ರೋಗ್ರಾಂ ಮತ್ತು ಪ್ರೊಸೆಸ್ ನಿರ್ಧರಿಸುವವನು. ಡಿಪ್ಲೊಮಾ ಹುಡುಗನನ್ನು ಮೊದಲನೆಯದರಲ್ಲಿ ನಿಲ್ಲಿಸಿ, ಓಟಿ ಕೊಟ್ಟು, ಖುಷಿಯಾಗಿ ಇಟ್ಟುಬಿಟ್ಟರೆ ಅವನು ಐದು ವರ್ಷ ಅಲ್ಲೇ. ಇಲ್ಲವೇ ನೇರ ಕ್ವಾಲಿಟಿಗೆ ಹಾಕುತ್ತಾರೆ. ಎಸಿ ರೂಮು, ಬಿಳಿ ಕೋಟು, ಚೆನ್ನಾಗಿ ಕಾಣುತ್ತದೆ. ಆದರೆ ಲೋಹ ಕಡಿಯುವುದು ಗೊತ್ತಿಲ್ಲದೆ ಅಳೆಯುವುದು ಕಲಿತರೆ "ರಿಜೆಕ್ಟ್" ಅಂತ ಬರೆಯಲು ಬರುತ್ತದೆ, ಯಾಕೆ ರಿಜೆಕ್ಟ್ ಆಯಿತು ಅಂತ ಹೇಳಲು ಬರುವುದಿಲ್ಲ. ಆರು ತಿಂಗಳು ಆಪರೇಟಿಂಗ್, ಒಂದು ವರ್ಷ ಸೆಟ್ಟಿಂಗ್, ಆಮೇಲೆ ಕ್ವಾಲಿಟಿ ಅಥವಾ ಪ್ರೋಗ್ರಾಮಿಂಗ್. ಈ ಕ್ರಮವನ್ನು ಸೇರುವಾಗಲೇ ಮ್ಯಾನೇಜರ್ ಬಳಿ ಬಾಯಿಬಿಟ್ಟು ಕೇಳಲಿ.

ಕಲಿಯಬೇಕಾದ್ದರಲ್ಲಿ ಮೊದಲನೆಯದು ಡ್ರಾಯಿಂಗ್. ಕಾಲೇಜಿನಲ್ಲಿ ಗೆರೆ ಎಳೆಯಲು ಕಲಿಸುತ್ತಾರೆ, ಓದಲು ಕಲಿಸುವುದು ಕಡಿಮೆ. ಮೂಲೆಯ ಶಂಕುವಿನ (ಕೋನ್) ಚಿಹ್ನೆ ನೋಡಿ ನೋಟಗಳನ್ನು ಜೋಡಿಸಿದ್ದು ಫಸ್ಟ್ ಆಂಗಲ್ಲೋ ಥರ್ಡ್ ಆಂಗಲ್ಲೋ ತಿಳಿಯುವುದು ಮೊದಲ ಕೆಲಸ. ಅಮೆರಿಕದ ಗ್ರಾಹಕರ ಡ್ರಾಯಿಂಗ್ ಥರ್ಡ್ ಆಂಗಲ್. ಅದನ್ನು ಫಸ್ಟ್ ಆಂಗಲ್ ಅಂತ ಓದಿದರೆ ತೂತು ಎದುರು ಬದಿಗೆ ಬೀಳುತ್ತದೆ, ಅಳತೆ ಎಲ್ಲ ಸರಿ ಇದ್ದೂ ಜಾಬ್ ಸ್ಕ್ರಾಪ್.

ಆಮೇಲೆ ಟಾಲರೆನ್ಸ್, ಅಂದರೆ ಅಳತೆಯಲ್ಲಿ ಬಿಟ್ಟುಕೊಟ್ಟ ಏರುಪೇರು. 25 ಎಚ್7 ಅಂದರೆ ಬೋರ್ (ಒಳರಂಧ್ರ) 25.000ರಿಂದ 25.021 ಮಿ.ಮೀ. ಒಟ್ಟು ಅವಕಾಶ 21 ಮೈಕ್ರಾನ್. ಅಳೆಯುವ ಸಾಧನ ಟಾಲರೆನ್ಸಿನ ಹತ್ತನೇ ಒಂದು ಪಾಲನ್ನಾದರೂ ಓದುವಂತಿರಬೇಕು ಅನ್ನುವುದು ವಾಡಿಕೆ, ಅಂದರೆ ಇಲ್ಲಿ 2 ಮೈಕ್ರಾನ್. ವರ್ನಿಯರಿನ ಒಂದು ಗೆರೆಯೇ 0.02, ಅಂದರೆ 20 ಮೈಕ್ರಾನ್. ವರ್ನಿಯರ್ ಹಿಡಿದು ಎಚ್7 ಬೋರ್ ಓಕೆ ಅನ್ನುವುದು ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗೆ. ಬೋರ್ ಗೇಜ್ ಬೇಕು, ಅದಕ್ಕೆ ರಿಂಗ್ ಗೇಜಿನಲ್ಲಿ ಸೊನ್ನೆ ಹಿಡಿಯಬೇಕು, ಇಲ್ಲವೇ ಗೋ-ನೋಗೋ ಪ್ಲಗ್ ಗೇಜ್. ಪ್ಲಗ್ ಗೇಜ್ ಸರಿ-ತಪ್ಪು ಮಾತ್ರ ಹೇಳುತ್ತದೆ, ಬೋರ್ ಯಾವ ಕಡೆ ವಾಲುತ್ತಿದೆ ಅಂತ ಹೇಳುವುದಿಲ್ಲ ಅನ್ನುವುದೂ ನೆನಪಿರಲಿ.

ಬಿಸಿಯ ಲೆಕ್ಕ ಯಾರೂ ಹೇಳಿಕೊಡುವುದಿಲ್ಲ. ಅಳತೆಗೆ ಜಗತ್ತು ಒಪ್ಪಿದ ತಾಪಮಾನ 20 ಡಿಗ್ರಿ. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 100 ಮಿ.ಮೀ. ಬೋರ್ ಮಷೀನಿನಿಂದ 30 ಡಿಗ್ರಿಯಲ್ಲಿ ಹೊರಬಂದರೆ 23 ಮೈಕ್ರಾನ್ ದೊಡ್ಡದಾಗಿ ಕಾಣುತ್ತದೆ. 100 ಎಚ್7ರ ಟಾಲರೆನ್ಸೇ 35. ಮಷೀನ್ ಪಕ್ಕ ಓಕೆ ಆದದ್ದು ಸ್ಟ್ಯಾಂಡರ್ಡ್ ರೂಮಿನಲ್ಲಿ ಚಿಕ್ಕದಾಗುವುದು ಇದಕ್ಕೇ. ಆಗ ಕ್ವಾಲಿಟಿಯವರಿಗೂ ಪ್ರೊಡಕ್ಷನ್‌ನವರಿಗೂ ನಡೆಯುವ ಜಗಳದಲ್ಲಿ, ಕಾರಣ ಬಲ್ಲವನು ಒಬ್ಬನಿದ್ದರೆ ಎಲ್ಲರೂ ಅವನ ಕಡೆ ತಿರುಗುತ್ತಾರೆ. ಬಡ್ತಿ ಶುರುವಾಗುವುದು ಅಲ್ಲಿಂದ.

ಸ್ಪೀಡು (ಕಡಿಯುವ ವೇಗ), ಫೀಡು (ಟೂಲ್ ಮುಂದೆ ಸರಿಯುವ ವೇಗ) ಬಾಯಿಪಾಠ ಬೇಡ, ಸೂತ್ರ ಸಾಕು. ಸುತ್ತು = 1000 × ಕಟಿಂಗ್ ಸ್ಪೀಡ್ ÷ (3.14 × ವ್ಯಾಸ). 20 ಮಿ.ಮೀ. ಕಾರ್ಬೈಡ್ ಎಂಡ್‌ಮಿಲ್, ಇಎನ್8 ಉಕ್ಕು, ನಿಮಿಷಕ್ಕೆ 120 ಮೀಟರ್ ಇಟ್ಟರೆ 1,910 ಸುತ್ತು. ನಾಲ್ಕು ಹಲ್ಲು, ಹಲ್ಲಿಗೆ 0.08 ಮಿ.ಮೀ. ಅಂದರೆ ಫೀಡು ನಿಮಿಷಕ್ಕೆ 611 ಮಿ.ಮೀ. ಟೂಲ್ ಬೇಗ ಸವೆದರೆ ಹೊಸಬರು ಫೀಡು ಇಳಿಸುತ್ತಾರೆ. ಬಹುಪಾಲು ಸಲ ಇಳಿಸಬೇಕಾದ್ದು ಸ್ಪೀಡು. ಫೀಡು ತೀರಾ ಇಳಿಸಿದರೆ ಹಲ್ಲು ಕಡಿಯುವ ಬದಲು ಉಜ್ಜುತ್ತದೆ, ಇನ್ನೂ ಬೇಗ ಹೋಗುತ್ತದೆ.

ಡಿಕ್ಕಿ ಹೊಡೆಸುವ ತಪ್ಪುಗಳು ನಾಲ್ಕೈದೇ, ಪ್ರತಿ ಶಾಪಿನಲ್ಲೂ ಅವೇ ಮರುಕಳಿಸುತ್ತವೆ. ಮಷೀನಿನಲ್ಲಿ ಟಿ05 (ಐದನೇ ಟೂಲ್) ಇಟ್ಟು ಪ್ರೋಗ್ರಾಮಿನಲ್ಲಿ ಜಿ43 ಎಚ್06 (ಆರನೇ ಟೂಲಿನ ಉದ್ದ ಬಳಸು) ಇದ್ದರೆ, ಆರನೇ ಟೂಲಿನ ಉದ್ದ 30 ಮಿ.ಮೀ. ಕಡಿಮೆ ದಾಖಲಾಗಿದ್ದರೆ, ಸ್ಪಿಂಡಲ್ 30 ಮಿ.ಮೀ. ಹೆಚ್ಚು ಇಳಿದು ಟೂಲ್ ಜಾಬಿಗೆ ನುಗ್ಗುತ್ತದೆ. ಹಳೆಯ ಫಾನುಕ್ ಕಂಟ್ರೋಲರ್ ಸೆಟ್ಟಿಂಗ್‌ಗಳಲ್ಲಿ ದಶಮಾಂಶ ಚುಕ್ಕೆ ಬಿಟ್ಟರೆ 50 ಮಿ.ಮೀ. ಅನ್ನುವುದು 50 ಮೈಕ್ರಾನ್ ಆಗುತ್ತದೆ. ಲೇತಿನಲ್ಲಿ ಟೂಲಿನ ಸವೆತ ಸರಿದೂಗಿಸುವ ವೇರ್ ಆಫ್‌ಸೆಟ್‌ನ ಪ್ಲಸ್-ಮೈನಸ್ ಬದಲಾಗುವುದು ಇನ್ನೊಂದು: ಬೋರ್ 0.02 ಚಿಕ್ಕದಿದ್ದರೆ ಎಕ್ಸ್‌ಗೆ ಪ್ಲಸ್, ಹೊರ ವ್ಯಾಸ 0.02 ದೊಡ್ಡದಿದ್ದರೆ ಮೈನಸ್. ಮೊದಲ ಜಾಬ್ ಯಾವಾಗಲೂ ಸಿಂಗಲ್ ಬ್ಲಾಕ್ (ಒಂದೊಂದೇ ಸಾಲು ಓಡಿಸುವುದು), ರ‍್ಯಾಪಿಡ್ (ಕಡಿಯದೆ ಸರಿಯುವ ವೇಗ) ಕನಿಷ್ಠಕ್ಕೆ. ಅನುಮಾನ ಇದ್ದರೆ ಜಿ54ರ (ಜಾಬಿನ ಸೊನ್ನೆ ಬಿಂದು) ಝಡ್ ಅನ್ನು 100 ಮಿ.ಮೀ. ಮೇಲೆತ್ತಿ ಗಾಳಿಯಲ್ಲೇ ಓಡಿಸಿ ನೋಡಲಿ. ನೋಡಿದ ಮೇಲೆ ಇಳಿಸಲು ಮರೆಯದಿರಲಿ.

ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್. ಲೋಹ, ಇನ್ಸರ್ಟಿನ (ಬದಲಿಸುವ ಕಡಿಯುವ ತುದಿ) ಗ್ರೇಡು, ಸ್ಪೀಡು, ಫೀಡು, ಆಳ, ಎಷ್ಟು ಜಾಬಿಗೆ ಸವೆಯಿತು, ಏನು ಕೆಟ್ಟಿತು. ದಿನಕ್ಕೆ ನಾಲ್ಕು ಸಾಲು. ಗ್ರಾಹಕರ ಹೆಸರು, ಪಾರ್ಟ್ ನಂಬರ್ ಅದರಲ್ಲಿ ಬರೆಯಬಾರದು, ಡ್ರಾಯಿಂಗಿನ ಫೋಟೋ ಮೊಬೈಲಿನಲ್ಲಿ ಹಿಡಿಯಲೇಬಾರದು. ಅದು ಕೆಲಸ ಕಳೆಯುವ ದಾರಿ.

ಮೈ ಉಳಿಸಿಕೊಳ್ಳುವುದು. ತಿರುಗುವ ಮಷೀನಿನ ಹತ್ತಿರ ಕೈಗವಸು ಬೇಡ: ಬಟ್ಟೆ ಸಿಕ್ಕಿಕೊಂಡರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಸುರುಳಿ ಚಿಪ್ಸನ್ನು ಕೊಕ್ಕೆಯಿಂದಲೇ ತೆಗೆಯಬೇಕು. ಏರ್ ಗನ್ ಮೈಮೇಲೆ ಹಿಡಿಯಬಾರದು. ಕೂಲಂಟಿನಿಂದ ಕೈ ಕೆರೆತ ಶುರುವಾದರೆ ಸೀಮೆಎಣ್ಣೆಯಲ್ಲಿ ತೊಳೆಯುವ ಚಾಳಿ ಬಿಡಬೇಕು, ಅದು ಚರ್ಮದ ಜಿಡ್ಡನ್ನೆಲ್ಲ ತೆಗೆದು ಇನ್ನೂ ಕೆಡಿಸುತ್ತದೆ. ಒಂದು ಮಾರು ದೂರದವನ ಜೊತೆ ಕಿರುಚಿ ಮಾತಾಡಬೇಕಾದ ಜಾಗದಲ್ಲಿ ಇಯರ್‌ಪ್ಲಗ್ ಬೇಕೇ ಬೇಕು. ಹೋದ ಕಿವಿ ಮತ್ತೆ ಬರುವುದಿಲ್ಲ.

---

ಕಾಮನಬಿಲ್ಲು_88

ಬಿಇ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ. ಮೈಕ್ರಾನ್ ಅವರ ಮಾತಿಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, "ಸೆಟ್ಟಿಂಗ್ ಕಲಿತರೆ ಸಾಕು" ಅನ್ನುವುದು ಪೂರ್ತಿ ನಿಜವಲ್ಲ. ದೊಡ್ಡ ಕಂಪನಿಗಳ ಡಿಸೈನ್ ವಿಭಾಗ, ಸರ್ಕಾರಿ ಉದ್ದಿಮೆಗಳ ಇಂಜಿನಿಯರ್ ಹುದ್ದೆ, ಹೊರದೇಶದ ಎಂಎಸ್, ಇವಕ್ಕೆ ಪದವಿ ಇಲ್ಲದೆ ಬಾಗಿಲೇ ತೆರೆಯುವುದಿಲ್ಲ. ಕೈಚಳಕ ತೋರಿಸುವ ಅವಕಾಶ ಬರುವುದು ಅರ್ಜಿ ಒಳಗೆ ಹೋದ ಮೇಲೆ.

ದಾರಿ ಎರಡಿವೆ. ಒಂದು, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ಬಿಇ ಎರಡನೇ ವರ್ಷಕ್ಕೆ ನೇರ ಸೇರುವುದು. ಮೂರು ವರ್ಷ ಬೇಕು, ಸಂಬಳ ಇರುವುದಿಲ್ಲ. ಇಲ್ಲಿ ಎಡವುವುದು ಗಣಿತದಲ್ಲಿ. ಪಿಯುಸಿಯಿಂದ ಬಂದವರ ಜೊತೆ ಮೂರನೇ ಸೆಮಿಸ್ಟರಿಗೆ ಕೂರುತ್ತಾರೆ, ಡಿಪ್ಲೊಮಾದಲ್ಲಿ ಕಲಿತ ಕ್ಯಾಲ್ಕುಲಸ್ ಅಲ್ಲಿಗೆ ಸಾಲುವುದಿಲ್ಲ, ಮೊದಲ ಎರಡು ಸೆಮಿಸ್ಟರಿನಲ್ಲೇ ಬ್ಯಾಕ್ ಬೀಳುತ್ತದೆ. ಸೇರುವ ಮೊದಲು ಮೂರು ತಿಂಗಳು ಡಿಫರೆನ್ಷಿಯೇಷನ್, ಇಂಟಿಗ್ರೇಷನ್, ಡಿಫರೆನ್ಷಿಯಲ್ ಈಕ್ವೇಷನ್ ಇಷ್ಟನ್ನೇ ತಿಕ್ಕಬೇಕು.

ಎರಡು, ಕೆಲಸ ಮಾಡುತ್ತಲೇ ಓದುವುದು. ತಾಂತ್ರಿಕ ಶಿಕ್ಷಣದ ನಿಯಂತ್ರಕ ಎಐಸಿಟಿಇ ದುಡಿಯುವವರಿಗಾಗಿ ಪ್ರತ್ಯೇಕ ಬ್ಯಾಚಿಗೆ ಅನುಮತಿ ಕೊಟ್ಟಿದೆ. ಕನಿಷ್ಠ ಒಂದು ವರ್ಷದ ಪೂರ್ಣಾವಧಿ ಅನುಭವ ಬೇಕು, ಕಾಲೇಜು ಕೆಲಸದ ಜಾಗದಿಂದ ಗೊತ್ತುಪಡಿಸಿದ ದೂರದೊಳಗೆ ಇರಬೇಕು. ಇದು ಇವನಿಗೆ ಹೊಂದುತ್ತದೆ, ಆದರೆ ಶಿಫ್ಟ್ ಬದಲಾಗುವ ಕೆಲಸದಲ್ಲಿ ಸಂಜೆ ತರಗತಿ ತಪ್ಪುತ್ತದೆ, ಹಾಜರಾತಿ ಹೋಗುತ್ತದೆ. ಸೇರುವ ಮೊದಲು ಜನರಲ್ ಶಿಫ್ಟಿನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು.

ಎಎಂಐಇ (ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ನಡೆಸುವ ಪರೀಕ್ಷೆ) ಮಾಡು ಅಂತ ಹಿರಿಯರು ಯಾರಾದರೂ ಹೇಳಿದರೆ ನಯವಾಗಿ ತಪ್ಪಿಸಿಕೊಳ್ಳಿ. 2013ರ ಮೇ 31ರ ತನಕ ನೋಂದಾಯಿಸಿದವರಿಗೆ ಮಾತ್ರ ಅದನ್ನು ಪದವಿಗೆ ಸಮ ಅಂತ ಮಾನ್ಯ ಮಾಡಲಾಗಿದೆ.

ನನ್ನ ಮಟ್ಟಿಗೆ ಇವನಿಗೆ ಎರಡನೆಯದೇ ಸರಿ. ಒಂದು ವರ್ಷ ಶಾಪಿನಲ್ಲಿ ನಿಂತು ಆಮೇಲೆ ಓದಿದರೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದ ಚಿತ್ರಗಳು ಕಣ್ಣಿಗೆ ಕಟ್ಟುತ್ತವೆ. ಒಂದು ಎಚ್ಚರ: ಬಾಂಡಿನಲ್ಲಿ "ಬೇರೆ ಓದಿಗೆ ಸೇರುವ ಹಾಗಿಲ್ಲ" ಎಂಬ ಸಾಲು ಇದೆಯೇ ನೋಡಿಕೊಳ್ಳಿ.

---

ಮೈಕ್ರಾನ್

ಒಪ್ಪಿದೆ, ಪದವಿ ಬೇಡ ಅಂದಿಲ್ಲ. ಇನ್ನೊಂದು ಸೇರಿಸುತ್ತೇನೆ. ಪದವಿಗೆ ಹೋಗದಿದ್ದರೂ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ ಕ್ಯಾಡ್-ಕ್ಯಾಮ್, ತುಮಕೂರು ರಸ್ತೆಯ ಸಿಎಂಟಿಐನಲ್ಲಿ (ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ) ಅಳತೆಶಾಸ್ತ್ರ, ಜಿಡಿ ಅಂಡ್ ಟಿಯ (ಆಕಾರ-ಅಳತೆಯ ಟಾಲರೆನ್ಸ್) ಚಿಕ್ಕ ಕೋರ್ಸುಗಳು ನಡೆಯುತ್ತವೆ. ಎರಡೂ ಪೀಣ್ಯದಿಂದ ದೂರವಲ್ಲ. ಎರಡು ವರ್ಷದ ಅನುಭವ ಇದ್ದವನು ಹೋದರೆ ಅಲ್ಲಿನ ಒಂದು ವಾರ ಕಾಲೇಜಿನ ಒಂದು ಸೆಮಿಸ್ಟರಿಗೆ ಸಮ. ಹೊಸಬ ಹೋದರೆ ಸರ್ಟಿಫಿಕೇಟ್ ಮಾತ್ರ ಸಿಗುತ್ತದೆ.

---

ಹೇಮಾವತಿ_ದಂಡೆ

ತುಂಬ ಉಪಕಾರ ಆಯಿತು. ಹೆಸರಿನ ವಿಷಯ ಓದಿ ತಕ್ಷಣ ನೋಡಿದೆ, ಆಧಾರ್‌ಗೂ ಎಸ್ಸೆಸ್ಸೆಲ್ಸಿಗೂ ಒಂದು ಅಕ್ಷರ ವ್ಯತ್ಯಾಸ ಇದ್ದೇ ಇದೆ! ಇನ್ನೊಂದು: ಕೈಗೆ ಬರುವ 25,758ರಲ್ಲಿ ಊಟ-ವಸತಿ ಹೋಗಿ ಏನು ಮಾಡಬೇಕು? ಊರಲ್ಲಿ ದೂರದ ಸಂಬಂಧಿಯೊಬ್ಬರು ಈಗಾಗಲೇ ವರ್ಷಕ್ಕೆ 24,000ದ ಎಂಡೋಮೆಂಟ್ (ವಿಮೆ-ಉಳಿತಾಯ ಸೇರಿದ) ಪಾಲಿಸಿಯ ಫಾರಂ ಹಿಡಿದು ಕೂತಿದ್ದಾರೆ. ಇಬ್ಬರು ಗೆಳೆಯರು ಸಾಲಕ್ಕೆ ಜಾಮೀನು ಸಹಿ ಕೇಳಿದ್ದಾರಂತೆ, ಇನ್ನೂ ಮೊದಲ ಸಂಬಳವೇ ಬಂದಿಲ್ಲ.

---

ಲೆಕ್ಕಪತ್ರ

ಜಾಮೀನಿನಿಂದ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಸರಿಪಡಿಸಬಹುದಾದ ತಪ್ಪುಗಳು. ಕರಾರು ಕಾಯ್ದೆಯ 128ನೇ ಕಲಂ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಬ್ಯಾಂಕು ಮೊದಲು ಸಾಲಗಾರನ ಬೆನ್ನು ಹತ್ತಬೇಕು ಅಂತೇನೂ ಇಲ್ಲ, ನೇರ ಇವನ ಮನೆಗೇ ಬರಬಹುದು. ಗೆಳೆಯ ಕಂತು ತಪ್ಪಿಸಿದರೆ ಇವನ ಸಿಬಿಲ್ (ಸಾಲದ ಇತಿಹಾಸದ) ದಾಖಲೆಯಲ್ಲೂ ಬೀಳುತ್ತದೆ, ನಾಳೆ ಮನೆ ಸಾಲ ಕೇಳುವಾಗ ಅಡ್ಡ ಬರುತ್ತದೆ. "ಪ್ರೊಬೇಷನ್‌ನಲ್ಲಿ ಇದ್ದೇನೆ, ಬ್ಯಾಂಕು ನನ್ನ ಸಹಿ ಒಪ್ಪುವುದಿಲ್ಲ" ಅಂದರೆ ಸ್ನೇಹವೂ ಉಳಿಯುತ್ತದೆ.

ಎಂಡೋಮೆಂಟ್ ಬೇಡ. ವಿಮೆಯ ಮೊತ್ತ ಚಿಕ್ಕದು, ಬರುವ ಲಾಭ ಪಿಎಫ್ ಬಡ್ಡಿಗಿಂತ ಕಡಿಮೆ. ಸಂಕೋಚಕ್ಕೆ ಸಹಿ ಹಾಕಿಯೇ ಬಿಟ್ಟಿದ್ದರೆ ಪಾಲಿಸಿ ಕೈಗೆ ಬಂದ 30 ದಿನದೊಳಗೆ ಫ್ರೀ ಲುಕ್ ಅವಧಿಯಲ್ಲಿ ವಾಪಸ್ ಮಾಡಬಹುದು, ಸಣ್ಣಪುಟ್ಟ ಕಡಿತ ಬಿಟ್ಟು ಹಣ ಬರುತ್ತದೆ. ಟರ್ಮ್ ಪಾಲಿಸಿ (ಬರೀ ಜೀವವಿಮೆ), ಇವನ ದುಡಿಮೆಯನ್ನೇ ಮನೆ ನಂಬಿಕೊಂಡಾಗ ತಗೊಂಡರೆ ಸಾಕು.

ಭಾವನವರ ಆರೋಗ್ಯ ವಿಮೆ ಮಾತ್ರ ಈಗಲೇ. ಬಿಪಿ ಇದೆ ಅಂತ ಅರ್ಜಿಯಲ್ಲಿ ಬರೆಯಲೇಬೇಕು. ಮುಚ್ಚಿಟ್ಟರೆ ಕ್ಲೇಮಿನ ಹೊತ್ತಿಗೆ ಆಸ್ಪತ್ರೆಯ ಹಳೆಯ ಚೀಟಿ ತೋರಿಸಿ ತಿರಸ್ಕರಿಸುತ್ತಾರೆ. ಮೊದಲೇ ಇದ್ದ ಕಾಯಿಲೆಗೆ ಗರಿಷ್ಠ ಮೂರು ವರ್ಷ ಕಾಯಬೇಕು, ಆದ್ದರಿಂದ 54ರಲ್ಲಿ ಮಾಡಿಸಿದರೆ 57ಕ್ಕೆ ಪೂರ್ತಿ ರಕ್ಷಣೆ. ರೂಮಿನ ಬಾಡಿಗೆ ಮಿತಿ ಇಲ್ಲದ ಪಾಲಿಸಿ ಆರಿಸಿ. ಯಾಕೆಂದರೆ: 5 ಲಕ್ಷದ ಪಾಲಿಸಿಯಲ್ಲಿ ಮಿತಿ 1%, ಅಂದರೆ ದಿನಕ್ಕೆ 5,000, ಸೇರಿದ ರೂಮು 10,000ದ್ದು. ಕಂಪನಿ ರೂಮಿನ ವ್ಯತ್ಯಾಸವನ್ನಷ್ಟೇ ಕಡಿಯುವುದಿಲ್ಲ, ಡಾಕ್ಟರ್ ಫೀ, ಆಪರೇಷನ್ ಥಿಯೇಟರ್ ಎಲ್ಲದರಲ್ಲೂ ಅರ್ಧಕ್ಕರ್ಧ ಕಡಿಯುತ್ತದೆ. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಇದೆ. ಎಪಿಎಲ್ ಆದರೆ ಪ್ಯಾಕೇಜಿನ 30% ಮಾತ್ರ, 1.5 ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ, ಅದರ ನೋಂದಣಿ ವರ್ಷದಲ್ಲಿ ಕೆಲವೇ ತಿಂಗಳು ತೆರೆದಿರುತ್ತದೆ.

ಕೈಯಲ್ಲಿ ಉಳಿಯುವ ಹಣ: ಮೊದಲು ಮೂರು ತಿಂಗಳ ಖರ್ಚಿನಷ್ಟು, ಸುಮಾರು 45,000, ಬ್ಯಾಂಕ್ ಆರ್‌ಡಿಯಲ್ಲಿ. ಅದು ತುಂಬಿದ ಮೇಲೆ ತಿಂಗಳಿಗೆ 3,000ದ ಎಸ್‌ಐಪಿ, ಇಂಡೆಕ್ಸ್ ಫಂಡಿನ (ಷೇರು ಸೂಚ್ಯಂಕವನ್ನೇ ಅನುಸರಿಸುವ ಮ್ಯೂಚುವಲ್ ಫಂಡ್) ಡೈರೆಕ್ಟ್ (ಏಜೆಂಟ್ ಇಲ್ಲದ) ಪ್ಲಾನಿನಲ್ಲಿ. 10% ಬೆಳೆದರೆ 20 ವರ್ಷಕ್ಕೆ ಸುಮಾರು 23 ಲಕ್ಷ. ಐದು ವರ್ಷ ತಡಮಾಡಿ 15 ವರ್ಷ ಕಟ್ಟಿದರೆ 12.5 ಲಕ್ಷ. ತಡದಿಂದ ಉಳಿದದ್ದು 1.8 ಲಕ್ಷ, ಹೋದದ್ದು ಹತ್ತು ಲಕ್ಷದ ಮೇಲೆ. 10% ಅನ್ನುವುದಕ್ಕೆ ಯಾರ ಖಾತರಿಯೂ ಇಲ್ಲ, ನಡುವೆ ಅರ್ಧಕ್ಕೆ ಬಿದ್ದ ವರ್ಷಗಳೂ ಬರುತ್ತವೆ. ಮೂರು ವರ್ಷದೊಳಗೆ ಬೇಕಾಗುವ ದುಡ್ಡು ಅಲ್ಲಿ ಇಡಬಾರದು.

ಕ್ರೆಡಿಟ್ ಕಾರ್ಡ್ ಒಂದಿರಲಿ, ಪೂರ್ತಿ ಬಿಲ್ಲಿಗೆ ಆಟೋಪೇ ಹಾಕಿ. "ಕನಿಷ್ಠ ಪಾವತಿ" ಅನ್ನುವ ಗುಂಡಿಯೇ ಬಲೆ. 20,000 ಬಾಕಿಯಲ್ಲಿ 1,000 ಕಟ್ಟಿದರೆ ಉಳಿದ 19,000ಕ್ಕೆ ತಿಂಗಳಿಗೆ 3.5% ಬಡ್ಡಿ 665, ಅದರ ಮೇಲೆ 18% ಜಿಎಸ್‌ಟಿ 120. ಮುಂದಿನ ತಿಂಗಳು ಕಟ್ಟುವ 1,000ದಲ್ಲಿ ಅಸಲಿಗೆ ಹೋಗುವುದು 215. ಮೇಲಾಗಿ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ.

ವಸತಿಗೆ ಪಿಜಿ ಆದರೆ ಅಡ್ವಾನ್ಸಿನಲ್ಲಿ ಎಷ್ಟು ಹಿಡಿದುಕೊಳ್ಳುತ್ತಾರೆ ಅಂತ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ನಾಲ್ಕು ಜನ ಸೇರಿ ಮನೆ ಮಾಡಿದರೆ ಕರಾರಿನಲ್ಲಿ ನಾಲ್ವರ ಹೆಸರೂ ಇರಲಿ. ಒಬ್ಬನದೇ ಇದ್ದರೆ ಅಡ್ವಾನ್ಸ್ ಅವನ ಖಾತೆಗೆ ವಾಪಸಾಗುತ್ತದೆ, ಜಗಳ ಅಲ್ಲಿಂದ. ಹಿಂದಿನ ಬಾಡಿಗೆದಾರರು ಗೃಹಜ್ಯೋತಿಯಿಂದ ತಮ್ಮ ಆಧಾರ್ ಬಿಡಿಸಿದ್ದಾರೆಯೇ ಕೇಳಿ, ಇಲ್ಲದಿದ್ದರೆ ಆ ಮೀಟರಿಗೆ ಹೊಸ ನೋಂದಣಿ ಆಗುವುದಿಲ್ಲ.

---

ಸಂಬಳದ_ಚೀಟಿ

ಹೆಸರಿನಲ್ಲಿ ಒಂದು ಅಕ್ಷರ ವ್ಯತ್ಯಾಸ ಅಂದಿರಲ್ಲ, ಅದಕ್ಕೆ. ತಪ್ಪು ಆಧಾರ್‌ನಲ್ಲೋ ಅಂಕಪಟ್ಟಿಯಲ್ಲೋ ಮೊದಲು ತೀರ್ಮಾನಿಸಿ. ಡಿಪ್ಲೊಮಾ ಅಂಕಪಟ್ಟಿಯೂ ಎಸ್ಸೆಸ್ಸೆಲ್ಸಿಯ ಹಾಗೇ ಇದ್ದರೆ ಆಧಾರ್ ಬದಲಿಸುವುದೇ ಸುಲಭ. ಅಂಕಪಟ್ಟಿ ತಿದ್ದಿಸಬೇಕಾದರೆ ಓದಿದ ಶಾಲೆಯ ಮುಖ್ಯೋಪಾಧ್ಯಾಯರ ಮೂಲಕ ಮಲ್ಲೇಶ್ವರದ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ಶಾಲೆಯ ದಾಖಲಾತಿ ಪುಸ್ತಕದಲ್ಲಿ ಸರಿಯಾಗಿದ್ದರೆ ಮಾತ್ರ ಆಗುತ್ತದೆ. ಯುಎಎನ್ (ಪಿಎಫ್ ಸದಸ್ಯನ ಸಂಖ್ಯೆ) ಈಗ ಆಧಾರ್‌ನಲ್ಲಿ ಇರುವಂತೆಯೇ ಹುಟ್ಟುತ್ತದೆ, ಹಾಗಾಗಿ ಆಧಾರ್ ತಿದ್ದುಪಡಿ ಮುಗಿದು ಹೊಸ ಪ್ರತಿ ಡೌನ್‌ಲೋಡ್ ಮಾಡಿದ ಮೇಲೆಯೇ ಜಾಯಿನಿಂಗ್ ಫಾರಂ ತುಂಬಲಿ. ಸೇರುವ ದಿನ ಹತ್ತಿರ ಬಂದಿದ್ದರೆ ಒಂದು ವಾರ ಮುಂದೂಡಿ ಅಂತ ಮೇಲ್ ಹಾಕಿ, ಕಾರಣ ಇದೇ ಅಂತ ಬರೆಯಿರಿ. ಎಚ್‌ಆರ್‌ನವರು ಬೇಡ ಅನ್ನುವುದಿಲ್ಲ, ಆಮೇಲಿನ ತಲೆನೋವು ಅವರಿಗೂ ಗೊತ್ತು.